ಮಾವನವರಿಗೊಂದು ದುರ್ಬೀನು

ಮೊನ್ನೆ ಕಾಲೇಜಿನ ರಜೆಗೆ ಮನೆಗೆ ಬಂದಿದ್ದ ಮಗಳು, ಹಕ್ಕಿ ನೋಡುವವರ ಗುಂಪೊಂದಕ್ಕೆ ಸೇರಿಕೊಂಡಿದ್ದೇನೆ ಎಂದಳು. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಪ್ಪಾ, ವಾಟ್ ಡಸ್ ಎಯ್ಟ್ ಬೈ ಫಾರ್ಟಿ ಈವನ್ ಮೀನ್?" ಎಂದು ಕೇಳಿದಳು. ಪಾಪ, ಯಾರನ್ನು ಕೇಳುತ್ತಿದ್ದೇನೆಂದು ಅವಳಿಗೇನು ಗೊತ್ತು. ನಾನು ಶುರುಮಾಡಿದೆ. ಮುಂದಿನ ಗಾಜು, ಹಿಂದಿನ ಗಾಜು, ಗಾಜಿನ ಮೇಲಿನ ಲೇಪ, ಮುಂಜಾನೆಯ ಬೆಳಕು, ಕನ್ನಡಕದವರ ಕಷ್ಟ, ಎಲ್ಲವನ್ನೂ ಹೇಳಿ ಮುಗಿಸಿ ತಲೆಯೆತ್ತಿ ನೋಡಿದರೆ ಅವಳು ಆಗಲೇ ಅಡುಗೆಮನೆ ಸೇರಿ ಅಮ್ಮನಿಗೆ ನನ್ನ ಮೇಲೆ ಚಾಡಿ ಹೇಳುತ್ತಿದ್ದಳು.

ಕೇಳುವವರು ಎದ್ದುಹೋದರೆ ಬರೆಯಲು ಕೂರುವುದು ನನ್ನ ಹಳೆಯ ಚಾಳಿ. ಹಾಗಾಗಿ ಈಗ ನೀವು ಸಿಕ್ಕಿಬಿದ್ದಿದ್ದೀರಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಉಡುಪಿ ಕಡೆಯ ಭಟ್ಟರ ಮನೆಯವನು. ಜೇಡ ಕಂಡರೆ ಅದರ ಮೇಲೆ ಲೋಟ ಮುಚ್ಚಿ, ಕೆಳಗೆ ಕಾಗದ ತೂರಿಸಿ, ಹೊರಗೆ ಬಿಟ್ಟು ಬರುವವನು. ಬಿಟ್ಟ ಮೇಲೆ ಅದು ಮತ್ತೆ ಒಳಗೆ ಬರಬಾರದೆಂದು ಓಡಿಬಂದು ಬಾಗಿಲು ಹಾಕಿಕೊಳ್ಳುವವನು. ಇಂಥ ನಾನು ದುರ್ಬೀನಿನ ಬಗ್ಗೆ ಕಲಿತದ್ದೆಲ್ಲ ಹಕ್ಕಿ ನೋಡುವುದಕ್ಕಲ್ಲ, ಜಿಂಕೆ ಹೊಡೆಯುವುದಕ್ಕೆ. ಅದೂ ಕಡಿಮೆ ಬೆಲೆಯಲ್ಲಿ.

ಅದಕ್ಕೆ ಮುಂಚೆ ನಾನು ದುರ್ಬೀನು ಹಿಡಿದದ್ದು ಒಂದೇ ಸಲ. ಮಲ್ಪೆಯ ಕಡಲದಂಡೆಯಲ್ಲಿ ಒಬ್ಬ ಮುದುಕ ಹಳೆಯ ದುರ್ಬೀನೊಂದನ್ನು ಕೊರಳಿಗೆ ನೇತುಹಾಕಿಕೊಂಡು, ಹತ್ತು ಪೈಸೆ ಕೊಟ್ಟವರಿಗೆ ದೂರದ ಹಡಗು ತೋರಿಸುತ್ತಿದ್ದ. ದೊಡ್ಡಪ್ಪ ನನಗೂ ಕೊಡಿಸಿದರು. ಒಂದು ಕಣ್ಣು ಮುಚ್ಚಬೇಕೋ ಎರಡೂ ತೆರೆಯಬೇಕೋ ತಿಳಿಯದೆ ನಾನು ಎರಡನ್ನೂ ಮುಚ್ಚಿಕೊಂಡಿದ್ದೆನೆಂದು ಕಾಣುತ್ತದೆ. ಬರೀ ಕತ್ತಲೆ. "ತೋಜುಂಡಾ?" ಎಂದು ಮುದುಕ ಕೇಳಿದ. "ತೋಜುಂಡು" ಎಂದೆ. ಕಾಣುತ್ತದೆಯೇ ಎಂದು ಅವನು ತುಳುವಿನಲ್ಲಿ ಕೇಳಿದ್ದು, ಕಾಣುತ್ತದೆ ಎಂದು ನಾನು ಹೇಳಿದ್ದು. ಮನೆಗೆ ಹೋಗಿ ಆ ಹಡಗಿನಲ್ಲಿ ಎಷ್ಟು ಜನರಿದ್ದರು, ಯಾವ ಬಣ್ಣದ ಬಾವುಟವಿತ್ತು ಎಂದೆಲ್ಲ ತಮ್ಮನಿಗೆ ವರ್ಣಿಸಿದೆ. ಅವನು ಒಂದು ವಾರ ಅಸೂಯೆಯಿಂದ ನನ್ನ ಜೊತೆ ಆಡಲಿಲ್ಲ.

ಇನ್ನು ಮಾವನವರ ವಿಷಯ. ನನ್ನ ಹೆಂಡತಿ ಸವಿತಾ ಮಂಡ್ಯದ ಕಡೆಯ ಗೌಡರ ಮಗಳು. ನಾವು ಮೈಸೂರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದವರು. ಅವಳ ತಂದೆ ಪುಟ್ಟಸ್ವಾಮಿಗೌಡರು ಆ ದಿನ ಬರಲಿಲ್ಲ. ಬೈದರೇ ಎಂದರೆ ಬೈಯಲೂ ಇಲ್ಲ. "ಓಗಿ ಓಗಿ ಪುಳ್ಚಾರು ಅಳಿಯ ಸಿಕ್ಕದ್ನಲ್ಲಪ್ಪ" ಎಂದು ಎತ್ತಿನ ಹತ್ತಿರ ಹೇಳಿಕೊಂಡರಂತೆ. ಪುಳ್ಚಾರು ಎಂದರೆ ನಮ್ಮಂಥ ಹುಳಿಸಾರಿನ ಬ್ರಾಹ್ಮಣರಿಗೆ ಆ ಕಡೆಯವರು ಇಟ್ಟ ಹೆಸರು. ನಾಲ್ಕು ವರ್ಷ ಕಳೆದ ಮೇಲೆ ಮಗಳನ್ನು ನೋಡಬೇಕೆನಿಸಿ, ವಿಮಾನವೆಂದರೆ ನಡುಗುವ ಅತ್ತೆಯವರನ್ನು ಊರಿನಲ್ಲೇ ಬಿಟ್ಟು, ಆರು ತಿಂಗಳಿಗೆಂದು ನಾವಿದ್ದ ಅಮೆರಿಕಕ್ಕೆ ಒಬ್ಬರೇ ಬಂದರು. ವಿಮಾನ ನಿಲ್ದಾಣದಲ್ಲಿ ನನ್ನ ಕೈಗೆ ಪೆಟ್ಟಿಗೆ ಕೊಟ್ಟರು, ಮಾತು ಕೊಡಲಿಲ್ಲ.

ಜಗಳವೇನೂ ಇಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ಮಗಳಿಗೆ ಹೇಳುತ್ತಿದ್ದರು, ಅಷ್ಟೇ. ನಾನು ಕಾರು ಓಡಿಸುತ್ತಿರುತ್ತೇನೆ, ಅವರು ಪಕ್ಕದ ಸೀಟಿನಲ್ಲಿ, ಸವಿತಾ ಹಿಂದೆ. "ಸವಿತಾ, ನಿನ್ ಗಂಡಂಗ್ ಏಳವ್ವ, ಒಸಿ ನಿಧಾನಕ್ ಓಡಿಸ್ಲಿ." ನಾನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ, "ಸವಿತಾ, ಅಪ್ಪಂಗೆ ಹೇಳು, ಇದು ಫ್ರೀವೇ. ಇದಕ್ಕಿಂತ ನಿಧಾನ ಹೋದ್ರೆ ಹಿಂದಿನವ್ರು ಬಂದು ಗುದ್ತಾರೆ" ಎನ್ನುತ್ತಿದ್ದೆ. ಮೊದಲ ತಿಂಗಳು ಅವಳು ಎರಡೂ ಕಡೆಯ ಮಾತನ್ನು ಪೂರ್ತಿ ಮುಟ್ಟಿಸುತ್ತಿದ್ದಳು. ಎರಡನೇ ತಿಂಗಳಿಗೆ "ಕೇಳಿಸ್ತಲ್ಲ" ಎಂದು ಮುಗಿಸಿಬಿಡುತ್ತಿದ್ದಳು.

ಆಗ ನಾವು ಲಿವರ್‌ಮೋರಿನಲ್ಲಿದ್ದೆವು. ನನ್ನ ಆಫೀಸು ರೆಡ್‌ವುಡ್ ಸಿಟಿಯಲ್ಲಿ. ಹಳೆಯ ಪಿಯಾನೋಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಕಂಪನಿ. ನಗಬೇಡಿ, ಆ ಕಾಲದಲ್ಲಿ ಯಾರೂ ನಗುತ್ತಿರಲಿಲ್ಲ. ಕಾಗದದ ಮೇಲೆ ನಾನು ಆಗ ಶ್ರೀಮಂತ. ಸವಿತಾ ಮನೆ ಎಲ್ಲಿ ಕೊಳ್ಳುವುದು ಎಂದು ನೋಡಿಟ್ಟಿದ್ದಳು, ಪಾಲೋ ಆಲ್ಟೋದಲ್ಲಿ, ಹಿತ್ತಲಿನಲ್ಲಿ ನಿಂಬೆ ಗಿಡವಿರುವ ಮನೆ. ಮಾವನವರು ಬಂದ ವರ್ಷವೇ ಷೇರುಗಳು ಒಂದೇ ಸಮನೆ ಇಳಿಯತೊಡಗಿದವು. ಆಫೀಸಿನಲ್ಲಿ ಮೊದಲು ಬಿಟ್ಟಿ ಊಟ ನಿಂತಿತು, ಆಮೇಲೆ ಬಿಟ್ಟಿ ಕಾಫಿ. ಕಾಫಿ ನಿಂತ ದಿನ, ಇನ್ನು ನಮ್ಮ ಕಾಲ ಮುಗಿಯಿತು ಎಂದು ಎಲ್ಲರಿಗೂ ಅರ್ಥವಾಯಿತು.

ಪಕ್ಕದ ಮನೆಯಲ್ಲಿ ಹ್ಯಾಂಕ್ ಎಂಬ ಹಿರಿಯರಿದ್ದರು. ಅಲ್ಲಿನ ಸರ್ಕಾರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಲೇತು ತಿರುಗಿಸಿ ನಿವೃತ್ತರಾದವರು. ಅವರಿಗೂ ಮಾವನವರಿಗೂ ಬೇಲಿಯ ಮೇಲೆ ಸ್ನೇಹ ಬೆಳೆಯಿತು. ಇವರಿಗೆ ಇಂಗ್ಲಿಷ್ ಬರದು, ಅವರಿಗೆ ಕನ್ನಡ ಬರದು. ಟೊಮೇಟೊ ಗಿಡಕ್ಕೆ ಹೇಗೆ ಕಡ್ಡಿ ನಿಲ್ಲಿಸಬೇಕೆಂದು ಇಬ್ಬರೂ ಕೈಸನ್ನೆಯಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಮಾವನವರು ಅವರನ್ನು "ಅಂಕಯ್ಯ" ಎನ್ನುತ್ತಿದ್ದರು. ಮನೆಯ ಅಳಿಯನನ್ನು ಮಾತಾಡಿಸದವರು ಬೇಲಿಯಾಚೆಯ ಅಂಕಯ್ಯನ ಜೊತೆ ಅಷ್ಟು ಮಾತಾಡುವುದು ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಸೆಪ್ಟೆಂಬರಿನ ಒಂದು ಸಂಜೆ ಹ್ಯಾಂಕ್ ತಮ್ಮ ಗರಾಜಿನಲ್ಲಿ ಕೋವಿ ಬಿಚ್ಚಿ ಒರೆಸುತ್ತಿದ್ದರು. ಮಾವನವರು ಬೇಲಿ ಬಿಟ್ಟು ಒಳಗೇ ಹೋಗಿಬಿಟ್ಟರು. ಅವರದು ಬೇಟೆಯ ಮನೆತನ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಬಲೆ, ನಾಯಿ, ದೊಣ್ಣೆ ಹಿಡಿದು ಊರಿಗೆ ಊರೇ ಮೊಲದ ಬೇಟೆಗೆ ಹೊರಟರೆ ಅವರೇ ಮುಂದೆ ಇರುತ್ತಿದ್ದರಂತೆ. ಅರ್ಧ ಗಂಟೆಯ ಸನ್ನೆಯ ನಂತರ ಹ್ಯಾಂಕ್ ನನ್ನನ್ನು ಕರೆದರು. ಅಕ್ಟೋಬರಿನಲ್ಲಿ ಸಿಯೆರಾ ಬೆಟ್ಟದ ತಪ್ಪಲಿಗೆ ಜಿಂಕೆ ಬೇಟೆಗೆ ಹೋಗುತ್ತೇನೆ, ಗೌಡರೂ ಬರಲಿ, ನೋಡಲಿ, ಎಂದರು. ಪ್ರತಿ ವರ್ಷ ಜೊತೆಗಿದ್ದು ದುರ್ಬೀನು ಹಿಡಿಯುತ್ತಿದ್ದ ಗೆಳೆಯ ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದಾನೆ, ಈ ಸಲ ನೋಡುವ ಕಣ್ಣು ಬೇಕು ಎಂದರು.

ಆ ರಾತ್ರಿ ಊಟವಾದ ಮೇಲೆ ಸವಿತಾ ನನ್ನನ್ನು ಹಿಡಿದಳು.

"ನೀವೂ ಹೋಗಿ. ಅಪ್ಪಂಗೆ ಭಾಷೆ ಬರಲ್ಲ."

"ನಾನಾ? ಬೇಟೆಗಾ?"

"ಹೊಡೀರಿ ಅಂದ್ನಾ? ಜೊತೆಗಿರಿ ಅಂದೆ. ಒಂದು ಒಳ್ಳೇ ಬೈನಾಕ್ಯುಲರ್ ತಗೊಂಡು ನೀವೇ ಅಪ್ಪನ ಕೈಗೆ ಕೊಡಿ. ಅವ್ರು ವಾಪಸ್ ಹೊರಡೋದು ಮುಂದಿನ ತಿಂಗಳ ಕೊನೇಲಿ. ಆಮೇಲೆ ಯಾವಾಗ ಬರ್ತಾರೋ ಏನೋ. ಒಂದೇ ಒಂದ್ಸಲ ನಿಮ್ಮನ್ನ ಮಾತಾಡ್ಸಿ ಹೋದ್ರೆ ಸಾಕು ನಂಗೆ." ಮೇಜಿನ ಮೇಲಿನ ತಟ್ಟೆಗಳನ್ನು ಒಟ್ಟುಮಾಡುತ್ತಾ, "ನೂರು ಡಾಲರ್ ಒಳಗಿರ್ಲಿ ಮತ್ತೆ. ನಿಮ್ಮ ಪಿಯಾನೋ ನಂಬ್ಕೊಂಡು ಕೂರಕ್ಕಾಗಲ್ಲ" ಎಂದಳು.

ನಾವು ಭಾರತದವರು ಯಾವ ಸಾಮಾನು ಕೊಂಡರೂ ದೊಡ್ಡ ನಂಬರು ನೋಡಿ ಕೊಳ್ಳುವವರು. ಮಿಕ್ಸಿಗೆ ಎಷ್ಟು ವ್ಯಾಟು, ಕುಕ್ಕರಿಗೆ ಎಷ್ಟು ಲೀಟರು. ನಾನು ಶನಿವಾರದ ಬಯಲು ಸಂತೆಗೆ ಹೋಗಿ, ಇದ್ದುದರಲ್ಲಿ ಅತಿ ದೊಡ್ಡ ನಂಬರಿನದನ್ನು ಆರಿಸಿದೆ. ಹತ್ತರಿಂದ ಮೂವತ್ತು ಪಟ್ಟು, ತಿರುಗಿಸಿದಷ್ಟೂ ಹತ್ತಿರ. ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಬೆಲೆ ನನ್ನ ಮಿತಿಯ ಅರ್ಧದಷ್ಟು. ಬುದ್ಧಿವಂತಿಕೆಗೆ ಬೆನ್ನು ತಟ್ಟಿಕೊಳ್ಳುತ್ತಾ ಮನೆಗೆ ಬಂದು ಎದುರಿನ ಗುಡ್ಡದ ಮೇಲಿನ ಹಸುಗಳ ಕಡೆ ತಿರುಗಿಸಿದೆ. ಹಸುಗಳು ಕುಣಿಯುತ್ತಿದ್ದವು. ಗುಡ್ಡವೂ ಕುಣಿಯುತ್ತಿತ್ತು. ಐದು ನಿಮಿಷಕ್ಕೆ ತಲೆನೋವು ಬಂತು.

ಹ್ಯಾಂಕ್ ಅದನ್ನು ಕೈಗೆ ತೆಗೆದುಕೊಂಡು ಸತ್ತ ಇಲಿಯನ್ನು ನೋಡಿದಂತೆ ನೋಡಿದರು. "ಇದನ್ನು ಮಕ್ಕಳಿಗೆ ಕೊಡು" ಎಂದರು. ಆಮೇಲೆ ಅವರ ಗರಾಜಿನ ಬೆಂಚಿನ ಮೇಲೆ ನನ್ನ ಪಾಠ ನಡೆಯಿತು. ಮೊದಲ ನಂಬರು ಎಷ್ಟು ಪಟ್ಟು ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ. ಎಂಟು ಪಟ್ಟಿಗಿಂತ ಮೇಲೆ ಹೋದರೆ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಎರಡನೆಯ ನಂಬರನ್ನು ಮೊದಲನೆಯದರಿಂದ ಭಾಗಿಸು, ಐದು ಬಂದರೆ ನಸುಬೆಳಕಿನಲ್ಲೂ ಕಾಣುತ್ತದೆ. ಜಿಂಕೆ ಬರುವುದು ನಸುಬೆಳಕಿನಲ್ಲೇ, ಮಧ್ಯಾಹ್ನದ ಬಿಸಿಲಿನಲ್ಲಿ ನಿನಗಾಗಿ ಬಂದು ನಿಲ್ಲುವುದಿಲ್ಲ. ದುರ್ಬೀನನ್ನು ತೋಳುದ್ದ ದೂರ ಹಿಡಿದು ಹಿಂದಿನ ಗಾಜಿನೊಳಗೆ ನೋಡು, ಬೆಳಕಿನ ಬೊಟ್ಟು ದುಂಡಗಿರಬೇಕು, ಮೂಲೆ ಕತ್ತರಿಸಿದಂತಿದ್ದರೆ ಬೇಡ. ಮುಂದಿನ ಗಾಜಿನಲ್ಲಿ ದೀಪದ ಬಿಂಬ ನೋಡು, ಹಸಿರೋ ನೇರಳೆಯೋ ಕಂಡರೆ ಲೇಪವಿದೆ, ಬರೀ ಬಿಳಿ ಕಂಡರೆ ಬರೀ ಗಾಜು. ಕೆಂಪಗೆ ಹೊಳೆಯುವುದು ಬರೀ ಶೋಕಿ. ನೀನು ಕನ್ನಡಕದವನು, ಕಣ್ಣ ಬಳಿಯ ರಬ್ಬರು ಮಡಚಿದರೂ ಪೂರ್ತಿ ಚಿತ್ರ ಕಾಣುತ್ತದೋ ನೋಡಿಕೋ. ಮತ್ತೆ, ಕಡಿಮೆ ದುಡ್ಡಿಗೆ ನೇರ ಕೊಳವೆಯ ಹೊಸ ಮಾದರಿಗಿಂತ ಭುಜ ಅಗಲವಾದ ಹಳೆಯ ಮಾದರಿಯಲ್ಲೇ ಒಳ್ಳೆಯ ಗಾಜು ಸಿಗುತ್ತದೆ.

"ಕೋವಿಯ ಮೇಲೇ ಒಂದು ದುರ್ಬೀನಿನ ಕೊಳವೆ ಇದೆಯಲ್ಲ, ಅದರಲ್ಲೇ ಹುಡುಕಬಾರದಾ?" ಎಂದು ಕೇಳಿದೆ.

ಹ್ಯಾಂಕ್ ಮುಖ ಗಂಭೀರವಾಯಿತು. "ಅದರಲ್ಲಿ ಹುಡುಕುವುದು ಅಂದರೆ ಕಂಡಕಂಡದ್ದರ ಕಡೆಗೆಲ್ಲ ಕೋವಿ ತಿರುಗಿಸುವುದು. ಪೊದೆಯ ಹಿಂದೆ ಇರುವುದು ಮನುಷ್ಯನಾಗಿದ್ದರೆ? ಇನ್ನೊಂದು, ಇಲ್ಲಿ ಕೊಂಬು ಕವಲೊಡೆದ ಗಂಡನ್ನು ಮಾತ್ರ ಹೊಡೆಯಬಹುದು. ಒಂಟಿ ಕೊಂಬಿನ ಮರಿಯನ್ನು ಹೊಡೆದರೆ ತಪ್ಪು. ದುರ್ಬೀನಿನವನು ಕವಲಿದೆ ಎನ್ನುವ ತನಕ ನಾನು ಕೋವಿಯ ಕುದುರೆ ಎಳೆಯುವುದಿಲ್ಲ."

ಮಾರನೆಯ ವಾರ ಕ್ರೀಡಾ ಸಾಮಾನಿನ ಅಂಗಡಿಗೆ ಹೋದೆ. ಮುಸ್ಸಂಜೆಯಲ್ಲೇ ಹೋದೆ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ದುರ್ಬೀನೂ ಚೆನ್ನಾಗಿಯೇ ಕಾಣುತ್ತದೆ ಎಂದು ಹ್ಯಾಂಕ್ ಎಚ್ಚರಿಸಿದ್ದರು. ಹೊರಗೆ ತೆಗೆದುಕೊಂಡು ಹೋಗಿ ನೋಡಲೇ ಎಂದು ಕೇಳಿದಾಗ ಅಂಗಡಿಯಾಕೆ ನನ್ನ ಮುಖ ನೋಡಿ, ಕೊರಳಪಟ್ಟಿಯ ತುದಿ ತಾನು ಹಿಡಿದುಕೊಂಡು ಪಾರ್ಕಿಂಗಿಗೆ ಬಂದಳು. ಮೂರು ದುರ್ಬೀನು, ಮೂರು ಸಲ ಹೀಗೇ ಮೆರವಣಿಗೆ. ದೂರದ ಫ್ರೀವೇಯ ಫಲಕಗಳನ್ನು ಓದಿದೆ, ಕನ್ನಡಕ ತೆಗೆದು ಓದಿದೆ, ಹಾಕಿ ಓದಿದೆ. ಕೊನೆಗೆ ಎಂಟು ಬೈ ನಲವತ್ತರ ಒಂದು ಹಳೆಯ ಮಾದರಿ, ಹೆಸರೇ ಕೇಳದ ಕಂಪನಿಯದು, ಕತ್ತಲಾಗುತ್ತಿದ್ದರೂ ಮರದ ಎಲೆಗಳನ್ನು ಬಿಡಿಬಿಡಿಯಾಗಿ ತೋರಿಸಿತು. ಸವಿತಾ ಹೇಳಿದ ಮಿತಿಯೊಳಗೇ ಇತ್ತು. ಜೀವನದಲ್ಲಿ ಮೊದಲ ಸಲ ಒಂದು ವಸ್ತುವನ್ನು ತಿಳಿದುಕೊಂಡು ಕೊಂಡಿದ್ದೆ.

ಮನೆಗೆ ತಂದು ಮಾವನವರ ಮುಂದೆ ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ನೋಡಿದರು, ತೂಗಿ ನೋಡಿದರು, ಡಬ್ಬಿಗೆ ಹಾಕಿ ಇಟ್ಟರು.

ಬೇಟೆಗೆ ಹೊರಡುವ ಹಿಂದಿನ ದಿನವೇ ಆಯುಧಪೂಜೆ ಬಂತು. ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಮಾವನವರು ಎಲ್ಲ ಮುಗಿಸಿದ್ದರು. ಕಾರಿನ ಗಾಲಿಗಳಡಿಗೆ ನಿಂಬೆಹಣ್ಣು, ಅಡುಗೆಮನೆಯ ಚಾಕು, ಸ್ಕ್ರೂಡ್ರೈವರು, ನನ್ನ ಆಫೀಸಿನ ಲ್ಯಾಪ್‌ಟಾಪು, ಎಲ್ಲಕ್ಕೂ ಗಂಧ ಕುಂಕುಮ. ಬೇಲಿಯಾಚೆ ಹೋಗಿ ಅಂಕಯ್ಯನ ಕೋವಿಗೂ ಹೂವು ಮುಡಿಸಿ ಬಂದಿದ್ದರು. ನಡುವೆ ಬಾಳೆಲೆಯ ಮೇಲೆ ನನ್ನ ದುರ್ಬೀನು. ಅದರ ಮುಂದಿನ ಎರಡು ಗಾಜುಗಳ ನಟ್ಟನಡುವೆ ದಪ್ಪ ಗಂಧ, ಗಂಧದ ಮೇಲೆ ಕುಂಕುಮ. ಆ ಲೇಪಕ್ಕಾಗಿ ನಾನು ಪಟ್ಟ ಪಾಡು ನಿಮಗೆ ಗೊತ್ತಿದೆ. ಒಣ ಬಟ್ಟೆ ಕೂಡ ತಾಗಿಸಬಾರದೆಂದು ಹ್ಯಾಂಕ್ ಹೇಳಿದ್ದರು.

"ಸವಿತಾ!" ಎಂದು ಕೂಗಿದೆ. "ಅಪ್ಪಂಗೆ ಹೇಳು, ಗಾಜಿನ ಮೇಲೆ ಕುಂಕುಮ ಇಡಬಾರದು ಅಂತ!"

"ಕೇಳಿಸ್ತಲ್ಲ ಅಪ್ಪಾ" ಎಂದಳು ಸವಿತಾ.

"ಅಲ್ಲ ಕಣವ್ವ, ಅದ್ರ ಕಣ್ಗೇ ಪೂಜೆ ಮಾಡ್ದೆ ಇನ್ಯಾತಕ್ ಮಾಡಾನ? ಕತ್ಗ್ ಕಟ್ಟೋ ದಾರಕ್ಕಾ?" ಎಂದರು ಮಾವ.

ಅವರು ಆರತಿ ಎತ್ತಿ ಒಳಗೆ ಹೋದ ಮೇಲೆ ನಾನು ಕದ್ದುಮುಚ್ಚಿ ಬಚ್ಚಲಿಗೆ ಒಯ್ದು, ಹನಿಹನಿ ನೀರು ಬಿಟ್ಟು, ಉಸಿರು ಹಿಡಿದು ತೊಳೆದೆ. ಎಷ್ಟು ತೊಳೆದರೂ ಒಂದು ಗಾಜಿನ ಅಂಚಿನಲ್ಲಿ ತೆಳುವಾದ ಕೆಂಪು ಮಬ್ಬು ಉಳಿಯಿತು. ಆದರೂ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತ್ತು. ಪೂಜೆ ಮಾಡಿದರೆಂದರೆ ಒಪ್ಪಿಕೊಂಡ ಹಾಗಲ್ಲವೇ? ಆ ಆಸೆ ಮಧ್ಯಾಹ್ನದವರೆಗೂ ಇತ್ತು. ಊಟಕ್ಕೆ ಕುಳಿತಾಗ ಮಾವ ಮಗಳಿಗೆ ಹೇಳಿದರು, "ಆ ದುರ್ಬೀನು ನಿನ್ ಗಂಡನ್ ಕತ್ತಲ್ಲೇ ಇರ್ಲವ್ವ. ನಂಗ್ ಕಣ್ಣದೆ."

ಮಾರನೆಯ ದಿನ ಹ್ಯಾಂಕ್ ಅವರ ಪಿಕಪ್ಪಿನಲ್ಲಿ ಹೊರಟು, ಬೆಟ್ಟದ ಬುಡದ ಮೋಟೆಲಿನಲ್ಲಿ ತಂಗಿ, ಮರುದಿನ ನಸುಕಿಗೆ ಕಣಿವೆಯ ನೆತ್ತಿಯಲ್ಲಿ ಬಂಡೆಗೊರಗಿ ಕುಳಿತೆವು. ಮಾವ ಮಂಕಿ ಕ್ಯಾಪು, ಸ್ವೆಟರು, ಅದರ ಮೇಲೆ ಅಂಕಯ್ಯ ಕೊಟ್ಟ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡಿದ್ದರು. ಸವಿತಾ ಕಟ್ಟಿಕೊಟ್ಟ ಚಿತ್ರಾನ್ನದ ಸ್ಟೀಲ್ ಡಬ್ಬಿಯನ್ನು ನಾನು ತೆರೆಯಲು ಹೋಗಿ, ಮುಚ್ಚಳ ಟಣ್ ಎಂದು, ಇಬ್ಬರೂ ಹಿರಿಯರು ಒಟ್ಟಿಗೇ ತಿರುಗಿ ನೋಡಿದರು. ಆ ನೋಟಕ್ಕೆ ಭಾಷೆ ಬೇಕಿರಲಿಲ್ಲ. ನಾನು ಡಬ್ಬಿ ಮುಚ್ಚಿ, ದುರ್ಬೀನು ಎತ್ತಿ ಕಣಿವೆಯನ್ನು ಎಡದಿಂದ ಬಲಕ್ಕೆ ನೋಡುತ್ತಾ ಕೂತೆ. ಓಕ್ ಮರಗಳು, ಒಣಹುಲ್ಲು, ಬಂಡೆ, ಮತ್ತೆ ಹುಲ್ಲು.

ಮಾವ ಒಂದು ಬೆರಳಿನಿಂದ ನನ್ನ ಭುಜ ಮುಟ್ಟಿ ಗದ್ದ ಎತ್ತಿದರು. ಆ ದಿಕ್ಕಿಗೆ ತಿರುಗಿಸಿದೆ. ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಂದು ಕಿವಿ ಅಲುಗಿತು. ಕಿವಿಯ ಹಿಂದೆ ಕುತ್ತಿಗೆ, ಕುತ್ತಿಗೆಯ ಹಿಂದೆ ಇಡೀ ಜಿಂಕೆ. ಅಡ್ಡಲಾಗಿ ನಿಂತು ಏನನ್ನೋ ಜಗಿಯುತ್ತಿತ್ತು. ಮೂಗಿನಿಂದ ಹಬೆ ಬರುತ್ತಿತ್ತು. ನಮ್ಮ ಕಡೆಗಿದ್ದ ಎಡಗೊಂಬಿನಲ್ಲಿ ಎರಡು ಕವಲು, ಅಂಗೈ ಗೆರೆಯಷ್ಟು ಸ್ಪಷ್ಟ. ಎಂಥ ದುರ್ಬೀನು ಆರಿಸಿದೆ ನಾನು!

ಹ್ಯಾಂಕ್ ಕೋವಿ ಭುಜಕ್ಕೆ ಕೊಟ್ಟು ಪಿಸುಗುಟ್ಟಿದರು, "ಕವಲಿದೆಯಾ?"

"ಇಲ್ಲ. ಒಂಟಿ ಕೊಂಬು" ಎಂದೆ.

ದಯೆ ಧರ್ಮ ಎಂದು ದೊಡ್ಡ ಮಾತು ಬೇಡ. ನಾನೇನೂ ಯೋಚಿಸಲಿಲ್ಲ. ಹೌದು ಎನ್ನಲು ಬಾಯಿ ಒಪ್ಪಲಿಲ್ಲ, ಅಷ್ಟೇ. ಹ್ಯಾಂಕ್ ಹುಬ್ಬು ಗಂಟಿಕ್ಕಿದರು. ಮರಿಯಾಗಿದ್ದರೆ ಮೈ ಅಷ್ಟು ದೊಡ್ಡದಿರುವುದಿಲ್ಲವಲ್ಲ. ಅವರು ಮಾವನ ಕಡೆ ತಿರುಗಿ ಎರಡು ಬೆರಳನ್ನು ಕವಲಿನಂತೆ ಅಗಲಿಸಿ, ಹೌದೋ ಅಲ್ಲವೋ ಎಂದು ಕಣ್ಣಿನಲ್ಲೇ ಕೇಳಿದರು. ಮಾವ ನನ್ನ ಮುಂದೆ ಕೈ ಚಾಚಿದರು. ನಾನು ಪಟ್ಟಿ ಬಿಚ್ಚಿ ದುರ್ಬೀನು ಕೊಟ್ಟೆ. ಅವರು ಅದನ್ನು ಕಣ್ಣಿಗೆ ಹಿಡಿದದ್ದು ಅದೇ ಮೊದಲು.

ಎಷ್ಟು ಹೊತ್ತು ನೋಡಿದರೋ. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಇಷ್ಟು ದಿನ ಪುಳ್ಚಾರು ಅಳಿಯ, ಇನ್ನು ಮೇಲೆ ಸುಳ್ಳ ಅಳಿಯ. ಸವಿತಾ ಅಷ್ಟು ಆಸೆಪಟ್ಟು ಕಳಿಸಿದ್ದಳು, ಎಲ್ಲವನ್ನೂ ಕೈಯಾರೆ ಹಾಳುಮಾಡಿದೆ. ಮಾವ ದುರ್ಬೀನು ಇಳಿಸಿದರು. ಹ್ಯಾಂಕ್ ಕಡೆ ನೋಡಿ, ನಿಧಾನವಾಗಿ, ಒಂದೇ ಬೆರಳು ಎತ್ತಿದರು.

ಹ್ಯಾಂಕ್ ಉಸಿರು ಬಿಟ್ಟು ಕೋವಿ ಕೆಳಗಿಳಿಸಿದರು. ಜಿಂಕೆ ಇನ್ನೆರಡು ಬಾಯಿ ಜಗಿದು ಮರಗಳ ಹಿಂದೆ ಹೋಯಿತು.

ಅಲ್ಲಿಂದ ಮುಂದೆ ನನಗೆ ಒಂದೇ ಚಿಂತೆ. ಅವರಿಗೆ ನಿಜವಾಗಿಯೂ ಕಾಣಲಿಲ್ಲವೇ? ಕುಂಕುಮದ ಮಬ್ಬು ಅಡ್ಡ ಬಂತೇ? ಕಾಣಲಿಲ್ಲವಾದರೆ ನನ್ನ ದುರ್ಬೀನು ದಂಡ. ಕಂಡಿತ್ತು ಎಂದರೆ ನಾನೇ ದಂಡ. ಯಾವುದನ್ನು ಹಾರೈಸಬೇಕೆಂದು ತಿಳಿಯಲಿಲ್ಲ. ಅಂದು ಮತ್ತೇನೂ ಸಿಗಲಿಲ್ಲ. ಹ್ಯಾಂಕ್‌ಗೆ ನಷ್ಟವಾಯಿತೆಂದು ನೀವು ಮರುಗಬೇಡಿ. ಮುಂದಿನ ವಾರ ಅವರು ಒಬ್ಬರೇ ಹೋಗಿ ಇನ್ನೊಂದನ್ನು ಹೊಡೆದು ತಂದರು, ಮಾವನವರು ಅದರ ಸಾರನ್ನು ಮುದ್ದೆಯ ಜೊತೆ ಎರಡು ಹೊತ್ತು ಉಂಡರು.

ಮಧ್ಯಾಹ್ನ ಪಿಕಪ್ಪಿನ ಒಂದೇ ಉದ್ದ ಸೀಟಿನಲ್ಲಿ ಮೂವರೂ ಕೂತು ವಾಪಸ್ ಹೊರಟೆವು. ಹ್ಯಾಂಕ್ ಓಡಿಸುತ್ತಿದ್ದರು, ಮಾವ ಕಿಟಕಿಯ ಹತ್ತಿರ, ನಾನು ಗೇರಿನ ಕೋಲಿಗೆ ಮೊಣಕಾಲು ತಾಗಿಸಿಕೊಂಡು ನಡುವೆ. ಬೆಟ್ಟ ಇಳಿದು ಬಯಲಿನ ರಸ್ತೆಗೆ ಬಂದಿದ್ದೆವು. ಮಾವ ಕಿಟಕಿಯ ಹೊರಗೆ ನೋಡುತ್ತಲೇ ಬಾಯಿ ತೆರೆದರು.

"ಅಳಿಮಯ್ಯಾ."

ನಾನು ಅಭ್ಯಾಸಬಲದಿಂದ ಸವಿತಾಳಿಗಾಗಿ ಹಿಂದೆ ತಿರುಗಿದೆ. ಹಿಂದೆ ಬರೀ ಗಾಜು.

"ನೀನ್ ನೋಡ್ದಲ್ಲ, ಅದು ಎಡಗಡೇದು. ಅದ್ರಲ್ ಎಲ್ಡೇ ಕವ್ಲು. ತಲೆ ತಿರುಗಿಸ್ದಾಗ ಬಲಗಡೇದ್ರಲ್ ಮೂರಿತ್ತು. ಸುಳ್ ಏಳೋದಾದ್ರೂ ಒಸಿ ನೆಟ್ಗೆ ನೋಡ್ಕಂಡ್ ಏಳ್ಬೇಕು ಕಣಪ್ಪ."

ನಾಲ್ಕು ವರ್ಷ ಕಾದ ಮಾತು. "ಆಯ್ತು ಮಾವ" ಎಂದಷ್ಟೇ ಅಂದೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತೆಗೆಯಲಿಲ್ಲ.

ಹ್ಯಾಂಕ್ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, "ಏನಂತಾರೆ ಗೌಡರು?"

"ದುರ್ಬೀನು ತುಂಬ ಚೆನ್ನಾಗಿದೆಯಂತೆ" ಎಂದೆ.